ಬ್ಯಾಕಪ್ ಇದೆ, ಕ್ಯಾಟಲಾಗ್ ಇಲ್ಲ: ಬ್ಯಾಕುಲಾ ವಾಲ್ಯೂಮ್‌ನಿಂದ ಫೈಲ್ ಹೊರತೆಗೆಯುವ ಸಮಗ್ರ ಮಾರ್ಗದರ್ಶಿ

"ಸರ್, ಬ್ಯಾಕಪ್ ದಿನಾ ಓಕೆ ಅಂತ ಮೇಲ್ ಬರ್ತಿತ್ತು. ಈಗ ರಿಸ್ಟೋರ್ ಅಂದ್ರೆ ಫೈಲೇ ಇಲ್ಲ ಅಂತಿದೆ."

ಮುಂಬೈನಲ್ಲಿ ನಮ್ಮ ಕನ್ನಡದವರ ಸಣ್ಣ ಆಫೀಸುಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ. ಇವರು ಬಳಸುವುದು ಬ್ಯಾಕುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರ್. ಡೇಟಾ ಬರೆದಿಡುವ ಟೇಪ್ ಅಥವಾ ಡಿಸ್ಕ್ ಫೈಲಿಗೆ ಅದರಲ್ಲಿ ವಾಲ್ಯೂಮ್ ಅಂತ ಹೆಸರು, ಯಾವ ಫೈಲ್ ಯಾವ ವಾಲ್ಯೂಮ್‌ನಲ್ಲಿದೆ ಅಂತ ನೆನಪಿಡುವ ಡೇಟಾಬೇಸ್ ಕ್ಯಾಟಲಾಗ್, ಒಂದು ಸಲದ ಬ್ಯಾಕಪ್ಪೋ ರಿಸ್ಟೋರೋ ಒಂದು ಜಾಬ್. ಕೊನೆಯದು ಬಂದಿದ್ದು ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಲೆಕ್ಕಪತ್ರದ ಆಫೀಸಿನಿಂದ. 2019-20ರ ಪುಸ್ತಕ ಕೇಳಿ ನೋಟಿಸ್ ಬಂದಿದೆ, ಆ ವರ್ಷದ ಟ್ಯಾಲಿ ಫೋಲ್ಡರ್ ಸರ್ವರ್‌ನಲ್ಲಿ ಇಲ್ಲ. ನಾನು ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದೆ. ಘಾಟ್ಕೋಪರ್ ಬರುವಷ್ಟರಲ್ಲಿ, ಫೋನ್ ಮಾಡಿದ ಆ ಆಫೀಸಿನ ಹುಡುಗ ಏನೇನು ಮಾಡಿದ್ದಾನೆ ಅಂತ ಗೊತ್ತಾಯಿತು: ಅಂತರ್ಜಾಲದಲ್ಲಿ ಸಿಕ್ಕ, ಕ್ಯಾಟಲಾಗ್ ಮತ್ತೆ ಕಟ್ಟುವ ಬಿಸ್ಕ್ಯಾನ್ ಕಮಾಂಡನ್ನು ಎರಡು ಸಲ ಓಡಿಸಿದ್ದ, ರಾತ್ರಿ ಬ್ಯಾಕಪ್ ಎಂದಿನಂತೆ ಓಡಲು ಬಿಟ್ಟಿದ್ದ. ಎಲ್ಲರೂ ಎಡವುವುದು ಇಲ್ಲೇ. ಕಮಾಂಡ್ ಗೊತ್ತಿರುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಗೊತ್ತಿರುವುದಿಲ್ಲ.

ಕಮಾಂಡ್‌ಗಳನ್ನು ಫೋನ್‌ನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲಿ ಮುಖ್ಯವೋ ಅಲ್ಲಿ ಹೇಳಿದ್ದೇನೆ, ಅದನ್ನು ತಪ್ಪಿಸಬೇಡಿ. ಬ್ಯಾಕುಲಾದಿಂದಲೇ ಕವಲೊಡೆದ ಬ್ಯಾರಿಯೋಸ್ ಬಳಸುವವರಿಗೂ ಉಪಕರಣಗಳ ಹೆಸರು ಇವೇ.

## ಕೈಯಲ್ಲಿ ಏನಿರಬೇಕು

ಬ್ಯಾಕಪ್ ಸರ್ವರ್‌ನ ರೂಟ್ ಲಾಗಿನ್. ಸ್ಟೋರೇಜ್ ಡೀಮನ್‌ನ (ವಾಲ್ಯೂಮ್ ಓದುವ, ಬರೆಯುವ ಬ್ಯಾಕುಲಾ ಭಾಗ) ಕಾನ್ಫಿಗ್ ಫೈಲ್, ಅದರಲ್ಲೂ ವಾಲ್ಯೂಮ್ ಬರೆದ ಕಾಲದ್ದೇ ಆದರೆ ಒಳ್ಳೆಯದು. ರಿಸ್ಟೋರ್ ಆದ ಫೈಲ್ ಇಳಿಸಲು ಖಾಲಿ ಡಿಸ್ಕ್. ಇದಕ್ಕೆ ಬ್ಯಾಕಪ್ ಡಿಸ್ಕನ್ನೇ ಬಳಸಬೇಡಿ. ಬಿಎಲ್‌ಎಸ್, ಬಿಎಕ್ಸ್‌ಟ್ರ್ಯಾಕ್ಟ್, ಬಿಸ್ಕ್ಯಾನ್ ಮೂರೂ ಸ್ಟೋರೇಜ್ ಡೀಮನ್ ಇರುವ ಯಂತ್ರದಲ್ಲೇ ಸಾಮಾನ್ಯವಾಗಿ ಇರುತ್ತವೆ. ಜೊತೆಗೆ ಒಂದು ನೋಟ್‌ಬುಕ್, ಪೆನ್ನು. ತಮಾಷೆಯಲ್ಲ, ಸೆಷನ್ ನಂಬರ್‌ಗಳನ್ನು ಬರೆದುಕೊಳ್ಳದೆ ಒದ್ದಾಡಿದವರನ್ನು ಸಾಕಷ್ಟು ನೋಡಿದ್ದೇನೆ.

ಟೇಪ್ ಆದರೆ ಡ್ರೈವ್ ಆ ತಲೆಮಾರನ್ನು ಓದುತ್ತದೆಯೇ ನೋಡಿ. ಎಲ್‌ಟಿಒ ಎಂಬ ಬ್ಯಾಕಪ್ ಟೇಪ್ ಮಾದರಿಯಲ್ಲಿ ಎಲ್‌ಟಿಒ-7ರವರೆಗಿನ ಡ್ರೈವ್‌ಗಳು ಎರಡು ತಲೆಮಾರು ಹಿಂದಿನದನ್ನೂ ಓದುತ್ತವೆ. ಎಲ್‌ಟಿಒ-8 ಒಂದು ತಲೆಮಾರು ಮಾತ್ರ, ಅಂದರೆ ಎಲ್‌ಟಿಒ-6 ಟೇಪನ್ನು ಅದಕ್ಕೆ ಹಾಕಿ ಪ್ರಯೋಜನವಿಲ್ಲ.

## ಹಂತ 1: ಮೊದಲು ಬರೆಯುವುದನ್ನು ನಿಲ್ಲಿಸಿ

ಕ್ಯಾಟಲಾಗ್‌ನಿಂದ ದಾಖಲೆ ಹೋದ ಮಾತ್ರಕ್ಕೆ ವಾಲ್ಯೂಮ್‌ನಿಂದ ಡೇಟಾ ಹೋಗುವುದಿಲ್ಲ. ಪ್ರೂನ್ (ಅವಧಿ ಮುಗಿದ ದಾಖಲೆ ಅಳಿಸುವುದು) ಆದರೂ, ಪರ್ಜ್ (ಅವಧಿ ನೋಡದೆ ಅಳಿಸುವುದು) ಆದರೂ ಡೇಟಾ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ. ಹೋಗುವುದು ವಾಲ್ಯೂಮ್ ರೀಸೈಕಲ್ ಆಗಿ ಅದರ ಮೇಲೆ ಹೊಸ ಜಾಬ್ ಬರೆದಾಗ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಇವತ್ತು ರಾತ್ರಿ 11:05ಕ್ಕೂ ಆಗಬಹುದು.

ಹಾಗಾಗಿ ಡೈರೆಕ್ಟರ್ (ಜಾಬ್‌ಗಳನ್ನು ಓಡಿಸುವ ಬ್ಯಾಕುಲಾದ ಮುಖ್ಯ ಭಾಗ) ಕಾನ್ಫಿಗ್‌ನಲ್ಲಿ ಜಾಬ್‌ಗಳ ಶೆಡ್ಯೂಲ್ ಸಾಲಿಗೆ ಕಾಮೆಂಟ್ ಹಾಕಿ ರೀಲೋಡ್ ಮಾಡಿ. ಆಮೇಲೆ ಬ್ಯಾಕುಲಾಗೆ ಕಮಾಂಡ್ ಕೊಡುವ ಕನ್ಸೋಲ್‌ನಲ್ಲಿ ಅಪ್‌ಡೇಟ್, ವಾಲ್ಯೂಮ್ ಪ್ಯಾರಾಮೀಟರ್ಸ್, ವಾಲ್ಯೂಮ್ ಸ್ಟೇಟಸ್ ಅಂತ ಹೋಗಿ, ಸಂಶಯ ಇರುವ ಪ್ರತಿ ವಾಲ್ಯೂಮನ್ನೂ ರೀಡ್-ಓನ್ಲಿ ಮಾಡಿ. ಟೇಪ್ ಆದರೆ ಕಾರ್ಟ್ರಿಜ್‌ನ ಮೂಲೆಯ ಪುಟ್ಟ ಬೀಗವನ್ನೂ ಸರಿಸಿ. ಬೆರಳಿನಿಂದ ಹಾಕಿದ ಬೀಗವನ್ನು ಯಾವ ಸಾಫ್ಟ್‌ವೇರೂ ತೆಗೆಯುವುದಿಲ್ಲ.

ಡೇಟಾಬೇಸೇ ಸತ್ತುಹೋಗಿ ಹೊಸ ಖಾಲಿ ಕ್ಯಾಟಲಾಗ್ ಮಾಡಿದ್ದೀರಾ? ಹಾಗಾದರೆ ಇನ್ನೂ ಎಚ್ಚರ. ಲೇಬಲ್ ಎಣಿಕೆ ಮತ್ತೆ 0001ರಿಂದ ಶುರುವಾಗುತ್ತದೆ, ಹಳೆಯ ಡಿಸ್ಕ್ ವಾಲ್ಯೂಮ್‌ಗಳ ಹೆಸರೂ ಅವೇ ಇರುತ್ತವೆ. ಹಳೆಯ ಫೋಲ್ಡರನ್ನು ಬೇರೆ ಕಡೆ ಸರಿಸುವವರೆಗೆ ಒಂದು ಬ್ಯಾಕಪ್ಪನ್ನೂ ಓಡಿಸಬೇಡಿ.

ಯಾರಾದರೂ "ಒಂದು ದಿನ ಬ್ಯಾಕಪ್ ಇಲ್ಲದಿದ್ರೆ ಹೇಗೆ ಸರ್" ಅಂದರೆ, ಮುಖ್ಯ ಫೋಲ್ಡರ್‌ಗಳನ್ನು ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿ ಕೊಡಿ, ಬಾಯಿ ಮುಚ್ಚುತ್ತಾರೆ.

## ಹಂತ 2: ಹೋಗಿರುವುದು ಯಾವ ದಾಖಲೆ?

"ಕ್ಯಾಟಲಾಗ್ ಹೋಯ್ತು" ಅನ್ನುವುದರಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಮೂರಕ್ಕೂ ಮದ್ದು ಬೇರೆ.

ಮೊದಲನೆಯದು, ಫೈಲ್ ದಾಖಲೆ ಮಾತ್ರ ಹೋಗಿರುವುದು. ನೀವು ಏನೂ ಬರೆಯದಿದ್ದರೆ ಫೈಲ್ ರಿಟೆನ್ಷನ್ (ದಾಖಲೆ ಉಳಿಸಿಕೊಳ್ಳುವ ಅವಧಿ) 60 ದಿನ, ಜಾಬ್ ರಿಟೆನ್ಷನ್ 180 ದಿನ, ವಾಲ್ಯೂಮ್ ರಿಟೆನ್ಷನ್ 365 ದಿನ. ಅಂದರೆ 61ನೇ ದಿನದಿಂದ ಬ್ಯಾಕುಲಾಗೆ ಯಾವ ಫೈಲ್ ಯಾವ ಜಾಬ್‌ನಲ್ಲಿದೆ ಅಂತ ನೆನಪಿರುವ ಖಾತ್ರಿಯಿಲ್ಲ, ಆದರೆ ಜಾಬ್ ಆಗಿದ್ದು ನೆನಪಿರುತ್ತದೆ. ರಿಸ್ಟೋರ್ ಮಾಡಹೋದರೆ "ಫೈಲ್ ಸಿಗಲಿಲ್ಲ, ನಿಮ್ಮ ರಿಟೆನ್ಷನ್ ಪಾಲಿಸಿ ಪ್ರೂನ್ ಮಾಡಿರಬೇಕು" ಎಂಬ ಅರ್ಥದ ಸಂದೇಶ ಬರುತ್ತದೆ. ಕನ್ಸೋಲ್‌ನಲ್ಲಿ ಎಲ್-ಲಿಸ್ಟ್ ಕಮಾಂಡಿಗೆ ಜಾಬ್ ಐಡಿ ಕೊಟ್ಟು ನೋಡಿ. ಪರ್ಜ್ಡ್-ಫೈಲ್ಸ್ ಎದುರು 1 ಇದ್ದರೆ ಇದೇ ಕಾಯಿಲೆ.

ಎರಡನೆಯದು, ಜಾಬ್ ದಾಖಲೆಯೂ ಹೋಗಿರುವುದು. ಜಾಬ್ ಪಟ್ಟಿಯಲ್ಲಿ ಆ ತಿಂಗಳೇ ಇರುವುದಿಲ್ಲ, ಆದರೆ ವಾಲ್ಯೂಮ್ ಪಟ್ಟಿಯಲ್ಲಿ ವಾಲ್ಯೂಮ್ ಇರುತ್ತದೆ. ಮೂರನೆಯದು, ಇಡೀ ಡೇಟಾಬೇಸೇ ಇಲ್ಲದಿರುವುದು. ಮಳೆಗಾಲದಲ್ಲಿ ನೆಲಮಹಡಿ ಆಫೀಸುಗಳಿಗೆ ನೀರು ನುಗ್ಗಿದಾಗ ಇದು ಮಾಮೂಲು.

## ಹಂತ 3: ವಾಲ್ಯೂಮ್‌ನಲ್ಲಿ ನಿಜವಾಗಿ ಏನಿದೆ ನೋಡಿ

ಬಿಎಲ್‌ಎಸ್‌ಗೆ ಕ್ಯಾಟಲಾಗ್ ಬೇಡ. ಅದು ವಾಲ್ಯೂಮನ್ನು ನೇರವಾಗಿ ಓದುತ್ತದೆ, ಬರೆಯುವುದಿಲ್ಲ. ಕಮಾಂಡ್ ಹೀಗೆ: ಬಿಎಲ್‌ಎಸ್, ಮೈನಸ್ ಸಣ್ಣ ಜೆ, ಮೈನಸ್ ಸಣ್ಣ ಸಿ ಆದಮೇಲೆ ಸ್ಟೋರೇಜ್ ಕಾನ್ಫಿಗ್‌ನ ದಾರಿ, ಮೈನಸ್ ದೊಡ್ಡ ವಿ ಆದಮೇಲೆ ವಾಲ್ಯೂಮ್ ಹೆಸರು, ಕೊನೆಗೆ ಡಿವೈಸ್ ಹೆಸರು. ಸಣ್ಣ ವಿ ಅಂದರೆ ಜಾಸ್ತಿ ವಿವರ ತೋರಿಸು ಅಂತ, ದೊಡ್ಡ ವಿ ಅಂದರೆ ವಾಲ್ಯೂಮ್. ಅರ್ಧ ಜನ ತಪ್ಪುವುದು ಇಲ್ಲೇ.

ಟೇಪ್ ಆದರೆ ಮೊದಲು ಸ್ಟೋರೇಜ್ ಡೀಮನ್ ನಿಲ್ಲಿಸಿ, ಇಲ್ಲದಿದ್ದರೆ ಡ್ರೈವ್ ಅದರ ಹಿಡಿತದಲ್ಲೇ ಇರುತ್ತದೆ. ಲಿನಕ್ಸ್‌ನಲ್ಲಿ ಡಿವೈಸ್ ಎನ್-ಎಸ್‌ಟಿ-ಸೊನ್ನೆ ಆಗಿರಬೇಕು. ಮುಂದಿನ ಎನ್ ಬಿಟ್ಟರೆ ಡಿವೈಸ್ ಮುಚ್ಚಿದಾಗಲೆಲ್ಲ ಟೇಪ್ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಬ್ಲಾಕ್ ಗಾತ್ರವನ್ನು ಹಿಂದೊಮ್ಮೆ ಯಾರೋ ದೊಡ್ಡದು ಮಾಡಿದ್ದರೆ ಈಗಿನ ಕಾನ್ಫಿಗ್‌ನಲ್ಲೂ ಅಷ್ಟೇ ಇರಬೇಕು. ಒಳ್ಳೆಯ ಟೇಪ್ ಕೂಡ ಮೊದಲ ಬ್ಲಾಕ್‌ನಲ್ಲೇ ಓದುವ ದೋಷ ತೋರಿಸಿದರೆ ಟೇಪನ್ನು ಬಯ್ಯುವ ಮೊದಲು ಇದನ್ನು ನೋಡಿ.

ಬಿಎಲ್‌ಎಸ್ ಪ್ರತಿ ಜಾಬ್‌ಗೂ ಆರಂಭದ ದಾಖಲೆ, ಮುಕ್ತಾಯದ ದಾಖಲೆ ತೋರಿಸುತ್ತದೆ. ನೋಟ್‌ಬುಕ್ ತೆಗೆಯಿರಿ. ಜಾಬ್ ಹೆಸರು, ಜಾಬ್ ಐಡಿ, ಫುಲ್ಲೋ (ಎಲ್ಲ ಫೈಲ್) ಇನ್‌ಕ್ರಿಮೆಂಟಲ್ಲೋ (ಹಿಂದಿನ ಬ್ಯಾಕಪ್ ಆದಮೇಲೆ ಬದಲಾದವು ಮಾತ್ರ), ಸೆಷನ್ ಐಡಿ, ಸೆಷನ್ ಟೈಮ್, ಇಷ್ಟನ್ನೂ ಬರೆದುಕೊಳ್ಳಿ.

ಸೆಷನ್ ಟೈಮ್ ಅನ್ನುವ ಹತ್ತಂಕಿ ಸಂಖ್ಯೆ ಜಾಬ್ ನಡೆದ ಸಮಯವಲ್ಲ. ಸ್ಟೋರೇಜ್ ಡೀಮನ್ ಶುರುವಾದ ಸಮಯ, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಉದಾಹರಣೆಗೆ 1577836800 ಅಂದರೆ ನಮ್ಮ ಗಡಿಯಾರದಲ್ಲಿ 2020ರ ಜನವರಿ 1, ಬೆಳಗ್ಗೆ 5:30. ಸರ್ವರ್ ಎರಡು ತಿಂಗಳು ನಿಲ್ಲದೆ ಓಡಿದ್ದರೆ ಮಾರ್ಚ್ ಮೊದಲ ದಿನದ ಜಾಬ್‌ಗೂ ಇದೇ ಸಂಖ್ಯೆ ಇರುತ್ತದೆ. ದಿನಾಂಕ ಹೊಂದುತ್ತಿಲ್ಲ ಅಂತ ಸರಿಯಾದ ವಾಲ್ಯೂಮನ್ನೇ ಬದಿಗಿಟ್ಟವರಿದ್ದಾರೆ. ನಾನೂ ಒಮ್ಮೆ ಇಟ್ಟಿದ್ದೆ.

ಇಲ್ಲಿ ಕಾಣಿಸುವ ಕೆಟ್ಟ ಸುದ್ದಿಗಳು: ವಾಲ್ಯೂಮ್ ಫೈಲ್‌ನ ಗಾತ್ರ ಕೆಲವೇ ನೂರು ಬೈಟ್, ಅಂದರೆ ಲೇಬಲ್ ಬಿಟ್ಟು ಏನೂ ಉಳಿದಿಲ್ಲ. ಇಲ್ಲವೇ ಒಳಗಿರುವ ಜಾಬ್‌ಗಳೆಲ್ಲ ಹೋದ ವಾರದವು, ಅಂದರೆ ರೀಸೈಕಲ್ ಆಗಿಬಿಟ್ಟಿದೆ. ಆರಂಭದ ದಾಖಲೆ ಇದ್ದು ಮುಕ್ತಾಯದ್ದು ಇಲ್ಲದಿದ್ದರೆ ಮಾತ್ರ ಹೆದರಬೇಡಿ. ಜಾಬ್ ಮುಂದಿನ ವಾಲ್ಯೂಮ್‌ಗೆ ಹರಿದಿರಬಹುದು, ಅದನ್ನು ಹುಡುಕಿ.

## ಹಂತ 4: ಸುಲಭದ ದಾರಿ ಮೊದಲು, ಇಡೀ ಜಾಬ್ ಇಳಿಸಿಕೊಳ್ಳಿ

ಮೊದಲನೇ ಕಾಯಿಲೆ ಇರುವವರಿಗೆ ಬಿಸ್ಕ್ಯಾನ್ ಬೇಕಾಗಿಯೇ ಇಲ್ಲ. ಫೈಲ್ ಆಯ್ಕೆ ಸಾಧ್ಯವಿಲ್ಲ ಅಂತ ಹೇಳಿದ ಬ್ಯಾಕುಲಾ ಅದರ ಕೆಳಗೇ ಇನ್ನೊಂದು ಪ್ರಶ್ನೆ ಕೇಳುತ್ತದೆ: ಎಲ್ಲ ಫೈಲ್‌ಗಳನ್ನೂ ರಿಸ್ಟೋರ್ ಮಾಡಲಾ? ಭಯದಲ್ಲಿ ಎಲ್ಲರೂ ನೋ ಒತ್ತಿ ಹೊರಬರುತ್ತಾರೆ. ಯೆಸ್ ಒತ್ತಿ. ಬೇಕಾದ್ದು ಒಂದೇ ಫೋಲ್ಡರ್ ಆದರೂ ಇಡೀ ಜಾಬ್ ಖಾಲಿ ಡಿಸ್ಕ್‌ಗೆ ಇಳಿಯಲಿ, ಆಮೇಲೆ ಆರಿಸಿಕೊಂಡರಾಯಿತು. ಬೇಳೆ ಸ್ವಲ್ಪವೇ ಬೇಕಿದ್ದರೂ ಚೀಲ ಪೂರ್ತಿ ಸುರಿದಂತೆ, ಆದರೆ ಕೆಲಸ ಆಗುತ್ತದೆ.

ಹೂಂ ಅನ್ನುವ ಮೊದಲು ವೇರ್ ಎಂಬ ಸಾಲು ನೋಡಿ. ಅದು ಖಾಲಿ ಡಿಸ್ಕ್‌ನ ಫೋಲ್ಡರ್ ಆಗಿರಬೇಕು. ಬರೀ ಒಂದು ಸ್ಲ್ಯಾಶ್ ಇದ್ದರೆ ಫೈಲ್‌ಗಳು ಮೂಲ ಜಾಗಕ್ಕೇ ಹೋಗಿ ಇವತ್ತಿನ ಫೈಲ್‌ಗಳ ಮೇಲೆ ಕೂರುತ್ತವೆ. ಐದು ವರ್ಷ ಹಿಂದಿನ ಲೆಕ್ಕ ಇವತ್ತಿನ ಲೆಕ್ಕದ ಮೇಲೆ ಕೂತರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ ಅಲ್ವಾ.

## ಹಂತ 5: ಬೂಟ್‌ಸ್ಟ್ರ್ಯಾಪ್ ಫೈಲ್ ಹುಡುಕಿ, ಇಲ್ಲದಿದ್ದರೆ ನೀವೇ ಬರೆಯಿರಿ

ನನ್ನ ಮಟ್ಟಿಗೆ ಇದೇ ಅತ್ಯಂತ ಉಪಯೋಗದ ಹಂತ, ಜನ ಹಾರಿಸಿಬಿಡುವುದೂ ಇದನ್ನೇ. ಯಾವ ವಾಲ್ಯೂಮ್, ಯಾವ ಸೆಷನ್, ಎಷ್ಟನೇ ಫೈಲ್ ಅಂತ ಸ್ಟೋರೇಜ್ ಡೀಮನ್‌ಗೆ ಹೇಳುವ ಚೀಟಿಯೇ ಬೂಟ್‌ಸ್ಟ್ರ್ಯಾಪ್. ಜಾಬ್ ಕಾನ್ಫಿಗ್‌ನಲ್ಲಿ ರೈಟ್ ಬೂಟ್‌ಸ್ಟ್ರ್ಯಾಪ್ ಅನ್ನುವ ಸಾಲಿದ್ದರೆ ಜಾಬ್ ಹೆಸರಿನ ಬಿಎಸ್‌ಆರ್ ಫೈಲ್ ಬ್ಯಾಕುಲಾದ ಕೆಲಸದ ಫೋಲ್ಡರ್‌ನಲ್ಲಿ ಇರಬಹುದು. ಅದು ಹೊಸ ಫುಲ್ ಬ್ಯಾಕಪ್ ಆದಾಗ ಹೊಸದಾಗಿ ಬರೆಯಲ್ಪಡುತ್ತದೆ, ಹಾಗಾಗಿ ಹಳೆಯ ವರ್ಷಕ್ಕೆ ಸಿಗುವುದು ಅಪರೂಪ.

ಸಿಗದಿದ್ದರೆ ಮೂರು ಸಾಲು ಸಾಕು. ಒಂದು ಸಾಲಿನಲ್ಲಿ ವಾಲ್ಯೂಮ್ ಹೆಸರು, ಎರಡನೆಯದರಲ್ಲಿ ವಾಲ್ಯೂಮ್-ಸೆಷನ್-ಐಡಿ, ಮೂರನೆಯದರಲ್ಲಿ ವಾಲ್ಯೂಮ್-ಸೆಷನ್-ಟೈಮ್. ಎಲ್ಲವೂ ನಿಮ್ಮ ನೋಟ್‌ಬುಕ್‌ನಲ್ಲಿದೆ. ಜಾಬ್ ಎರಡು ವಾಲ್ಯೂಮ್‌ಗೆ ಹರಿದಿದ್ದರೆ ಈ ಮೂರು ಸಾಲನ್ನು ಎರಡನೇ ವಾಲ್ಯೂಮ್ ಹೆಸರಿನೊಂದಿಗೆ ಕೆಳಗೆ ಮತ್ತೆ ಬರೆಯಿರಿ. ಸೆಷನ್ ಐಡಿ ಒಂದೇ ಸಾಲದು, ಏಕೆಂದರೆ ಡೀಮನ್ ಮತ್ತೆ ಶುರುವಾದಾಗಲೆಲ್ಲ ಅದು 1ರಿಂದ ಎಣಿಸುತ್ತದೆ. ಐಡಿ ಮತ್ತು ಟೈಮ್ ಎರಡೂ ಸೇರಿದರೆ ಮಾತ್ರ ಜಾಬ್‌ನ ಗುರುತು.

ಈಗ ಕನ್ಸೋಲ್‌ನಲ್ಲಿ ರನ್ ಅಂತ ಹೇಳಿ, ರಿಸ್ಟೋರ್ ಜಾಬ್ ಆರಿಸಿ, ಮಾಡ್ ಒತ್ತಿ ಬೂಟ್‌ಸ್ಟ್ರ್ಯಾಪ್, ಸ್ಟೋರೇಜ್, ಕ್ಲೈಂಟ್ (ಯಾರ ಬ್ಯಾಕಪ್ ಆಗುತ್ತದೋ ಆ ಯಂತ್ರ), ವೇರ್ ನಾಲ್ಕನ್ನೂ ಸರಿಪಡಿಸಿ. ವಿಂಡೋಸ್ ಕ್ಲೈಂಟ್‌ನ ಫೈಲ್ ಆದರೆ ಈ ದಾರಿಯೇ ಒಳ್ಳೆಯದು, ಫೈಲನ್ನು ಆ ಕ್ಲೈಂಟೇ ಬರೆದುಕೊಳ್ಳುತ್ತದೆ. ಕ್ಲೈಂಟ್‌ನಲ್ಲೇ ಎನ್‌ಕ್ರಿಪ್ಟ್ ಆದ ಬ್ಯಾಕಪ್ ಆದರೂ ಹೀಗೇ, ಏಕೆಂದರೆ ಕೀ ಇರುವುದು ಕ್ಲೈಂಟ್ ಹತ್ತಿರ.

ಇನ್ನೊಂದು ಉಪಾಯ. ಕ್ಯಾಟಲಾಗನ್ನೇ ದಿನಾ ಬ್ಯಾಕಪ್ ಮಾಡುವ ಜಾಬ್ ಮಾಮೂಲಿ ಕಾನ್ಫಿಗ್‌ನಲ್ಲೇ ಇರುತ್ತದೆ. ಆ ಕಾಲದ ಕ್ಯಾಟಲಾಗ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಯಾವುದಾದರೂ ವಾಲ್ಯೂಮ್‌ನಲ್ಲಿ ಸಿಕ್ಕರೆ ಹಬ್ಬ. ಅದನ್ನು ಈಗಿನ ಕ್ಯಾಟಲಾಗ್ ಮೇಲೆ ಸುರಿಯಬೇಡಿ. ಬೇರೆ ಹೆಸರಿನ ಡೇಟಾಬೇಸ್ ಮಾಡಿ ಅದರಲ್ಲಿ ಹಾಕಿ. ಹಳೆಯ ಆವೃತ್ತಿಯ ಡಂಪ್ ಆದರೆ ಈಗಿನ ಡೈರೆಕ್ಟರ್ ಅದನ್ನು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ನಿಮಗೆ ಬೇಕಿರುವುದು ಜಾಬ್ ಟೇಬಲ್‌ನಲ್ಲಿರುವ ಸೆಷನ್ ಐಡಿ ಮತ್ತು ಟೈಮ್, ಮೀಡಿಯಾ ಟೇಬಲ್‌ನಲ್ಲಿರುವ ವಾಲ್ಯೂಮ್ ಹೆಸರು, ಫೈಲ್ ಟೇಬಲ್‌ನಲ್ಲಿರುವ ಫೈಲ್ ಇಂಡೆಕ್ಸ್. ಇಂಡೆಕ್ಸನ್ನೂ ಬಿಎಸ್‌ಆರ್‌ಗೆ ಸೇರಿಸಿದರೆ ಇಡೀ ಜಾಬ್ ಇಳಿಸುವ ಬದಲು ಒಂದೇ ಫೋಲ್ಡರ್ ಇಳಿಯುತ್ತದೆ. ಕಿಂಗ್ಸ್ ಸರ್ಕಲ್‌ನ ಕೆಲಸ ಮುಗಿದಿದ್ದು ಹೀಗೆಯೇ.

## ಹಂತ 6: ಡೈರೆಕ್ಟರೇ ಇಲ್ಲವೇ? ಬಿಎಕ್ಸ್‌ಟ್ರ್ಯಾಕ್ಟ್

ಡೈರೆಕ್ಟರ್, ಕ್ಯಾಟಲಾಗ್ ಎರಡೂ ಇಲ್ಲದೆ ವಾಲ್ಯೂಮ್‌ನಿಂದ ಫೈಲ್ ತೆಗೆಯುವುದು ಇದರ ಕೆಲಸ. ಬಿಎಲ್‌ಎಸ್‌ನ ಹಾಗೆಯೇ ಬರೆಯಿರಿ, ಕೊನೆಯಲ್ಲಿ ಡಿವೈಸ್ ಆದಮೇಲೆ ಎಲ್ಲಿಗೆ ಇಳಿಸಬೇಕೋ ಆ ಫೋಲ್ಡರ್ ಕೊಡಿ. ಮೈನಸ್ ಸಣ್ಣ ಐ ಜೊತೆಗೆ ಒಂದು ಪಟ್ಟಿ ಫೈಲ್ ಕೊಟ್ಟರೆ ಅದರಲ್ಲಿ ಬರೆದ ದಾರಿಗಳು ಮಾತ್ರ ಬರುತ್ತವೆ. ಮೈನಸ್ ಸಣ್ಣ ಬಿ ಜೊತೆಗೆ ಹಂತ 5ರ ಬಿಎಸ್‌ಆರ್ ಕೊಟ್ಟರೆ ಒಂದೇ ಜಾಬ್. ಇದನ್ನು ಬಿಡಬೇಡಿ, ಇಲ್ಲದಿದ್ದರೆ ಆ ವಾಲ್ಯೂಮ್‌ನ ಎಲ್ಲ ಜಾಬ್‌ಗಳೂ ಒಂದರ ಮೇಲೊಂದು ಬಂದು ಬೀಳುತ್ತವೆ, ಯಾವ ದಿನದ ಫೈಲ್ ಉಳಿಯಿತು ಅಂತ ತಿಳಿಯುವುದಿಲ್ಲ.

ಯಾರು ಯಾವ ಫೈಲ್ ತೆರೆಯಬಹುದು ಅನ್ನುವ ಎಸಿಎಲ್ ಅನುಮತಿಗಳನ್ನು ಇದು ವಾಪಸ್ ತರುತ್ತದೆ ಅಂತ ನಂಬಿಕೊಳ್ಳಬೇಡಿ.

ಜಾಬ್ ಎರಡು ವಾಲ್ಯೂಮ್‌ಗೆ ಹರಿದಿದ್ದರೆ ಕಮಾಂಡ್‌ನಲ್ಲಿ ಎರಡು ವಾಲ್ಯೂಮ್ ಹೆಸರಿನ ನಡುವೆ ನಿಂತ ಗೆರೆ ಹಾಕಬೇಕು. ಒಟ್ಟು ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಇಡದಿದ್ದರೆ ಶೆಲ್ ಅದನ್ನು ಪೈಪ್ ಅಂದುಕೊಂಡು ಎರಡನೇ ವಾಲ್ಯೂಮನ್ನು ಕಮಾಂಡ್ ಹಾಗೆ ಓಡಿಸಲು ನೋಡುತ್ತದೆ. "ಕಮಾಂಡ್ ನಾಟ್ ಫೌಂಡ್ ಅಂತಿದೆ, ಬ್ಯಾಕುಲಾ ಇನ್‌ಸ್ಟಾಲ್ ಆಗಿಲ್ವಾ" ಅಂತ ಕೇಳುವವರೆಲ್ಲ ಇಲ್ಲೇ ಎಡವಿರುತ್ತಾರೆ.

## ಹಂತ 7: ಬಿಸ್ಕ್ಯಾನ್, ಕೊನೆಗೆ

ಬಿಸ್ಕ್ಯಾನ್ ವಾಲ್ಯೂಮ್ ಓದಿ ಕ್ಯಾಟಲಾಗ್ ದಾಖಲೆಗಳನ್ನು ಮತ್ತೆ ಹುಟ್ಟಿಸುತ್ತದೆ. ಹತ್ತಾರು ಜಾಬ್‌ಗಳಲ್ಲಿ ಹುಡುಕಾಡಬೇಕು, ಫೈಲ್ ಎಲ್ಲಿದೆ ಅಂತಲೇ ಗೊತ್ತಿಲ್ಲ ಅನ್ನುವಾಗ ಇದು ಬೇಕು. ಒಂದು ಫೋಲ್ಡರ್‌ಗಾಗಿ ಇದನ್ನು ಓಡಿಸುವುದು ಸಮಯ ಹಾಳು. 2.5 ಟಿಬಿಯ ಒಂದು ಎಲ್‌ಟಿಒ-6 ಟೇಪನ್ನು ಸೆಕೆಂಡಿಗೆ 160 ಎಂಬಿಯ ಪೂರ್ಣ ವೇಗದಲ್ಲಿ ಓದಿದರೂ ನಾಲ್ಕು ಗಂಟೆ 20 ನಿಮಿಷ ಬೇಕು. ಡೇಟಾಬೇಸ್‌ಗೆ ಲಕ್ಷಗಟ್ಟಲೆ ಸಾಲು ಬರೆಯುವ ಹೊತ್ತು ಬೇರೆ.

1. ಈಗಿನ ಕ್ಯಾಟಲಾಗ್‌ನ ಡಂಪ್ ತೆಗೆದು ಬೇರೆ ಯಂತ್ರದಲ್ಲಿಡಿ.

2. ಮೊದಲ ಓಟ ಮೈನಸ್ ಸಣ್ಣ ಎಸ್ ಇಲ್ಲದೆ. ಎಸ್ ಇಲ್ಲದಿದ್ದರೆ ಬಿಸ್ಕ್ಯಾನ್ ಓದಿ ಹೇಳುತ್ತದೆ ಅಷ್ಟೇ, ಡೇಟಾಬೇಸ್ ಮುಟ್ಟುವುದಿಲ್ಲ. ಡೇಟಾಬೇಸ್ ಹೆಸರು ಸಣ್ಣ ಎನ್, ಬಳಕೆದಾರ ಸಣ್ಣ ಯು, ಪಾಸ್‌ವರ್ಡ್ ದೊಡ್ಡ ಪಿ. ಸಣ್ಣ ಪಿ ಅಂದರೆ ಓದುವ ದೋಷ ಬಂದರೂ ಮುಂದೆ ಹೋಗು ಅಂತ, ಅದು ಬೇರೆಯೇ ಕಥೆ.

3. ಸರಿ ಕಂಡರೆ ಸಣ್ಣ ಎಸ್, ಸಣ್ಣ ಎಮ್ ಸೇರಿಸಿ ನಿಜವಾದ ಓಟ. ಒಂದು ಜಾಬ್‌ನ ಎಲ್ಲ ವಾಲ್ಯೂಮ್‌ಗಳನ್ನೂ ಬರೆದ ಕ್ರಮದಲ್ಲೇ ಒಟ್ಟಿಗೆ ಕೊಡಿ. ದೊಡ್ಡ ಎಸ್ ಹಾಕಿದರೆ ಎಷ್ಟು ಮುಂದೆ ಹೋಗಿದೆ ಅಂತ ಆಗಾಗ ತೋರಿಸುತ್ತದೆ, ಕಾಯುವವರಿಗೆ ಸಮಾಧಾನ.

4. ಮುಗಿದ ಕೂಡಲೇ ವಾಲ್ಯೂಮ್ ಸ್ಟೇಟಸ್ ರೀಡ್-ಓನ್ಲಿಯೇ ಇದೆಯಾ ಅಂತ ಮತ್ತೆ ನೋಡಿ, ಇಲ್ಲದಿದ್ದರೆ ಮಾಡಿ. ದಾಖಲೆ ಹೊಸದಾಗಿ ಬಂದರೂ ಅದರ ದಿನಾಂಕ ಹಳೆಯದೇ. ರಿಟೆನ್ಷನ್ ಲೆಕ್ಕದಲ್ಲಿ ಅದು ಆಗಲೇ ಸತ್ತಿದೆ. ಮುಂದಿನ ಜಾಬ್ ಓಡಿದಾಗ ಮತ್ತೆ ಪ್ರೂನ್ ಆಗಿಬಿಡುತ್ತದೆ. "ನಿನ್ನೆ ಬಿಸ್ಕ್ಯಾನ್ ಮಾಡಿದೆ, ಬೆಳಗ್ಗೆ ನೋಡಿದರೆ ಮತ್ತೆ ಇಲ್ಲ" ಅನ್ನುವ ದೂರಿನ ಹಿಂದೆ ಇರುವುದು ಇದೇ.

ಜಾಬ್ ದಾಖಲೆ ಹೊಸದಾಗಿ ಹುಟ್ಟಿದರೆ ಜಾಬ್ ಐಡಿಯೂ ಹೊಸದು. ಹಳೆಯ ಐಡಿ ಯಾವುದು, ಹೊಸದು ಯಾವುದು ಅಂತ ಬಿಸ್ಕ್ಯಾನ್ ಒಂದು ಸಾಲಿನಲ್ಲಿ ಹೇಳುತ್ತದೆ. ಆ ಸಾಲನ್ನು ಉಳಿಸಿಕೊಳ್ಳಿ. ಒಂದೇ ವಾಲ್ಯೂಮನ್ನು ಸುಮ್ನೆ ಎರಡೆರಡು ಸಲ ಓಡಿಸಬೇಡಿ, ಫೈಲ್ ಸಾಲುಗಳು ಇಮ್ಮಡಿಯಾಗಬಹುದು. ಆ ಹುಡುಗನ ಕ್ಯಾಟಲಾಗ್‌ನಲ್ಲಿ ಆಗಿದ್ದು ಅದೇ, ಡಂಪ್ ಇದ್ದಿದ್ದರಿಂದ ಹಿಂದಕ್ಕೆ ಹೋಗಲು ಆಯಿತು.

## ಹಂತ 8: ಫುಲ್ ಒಂದೇ ಸಾಲದು

ಬೇಕಾದ ದಿನದ ಸ್ಥಿತಿ ಬರಬೇಕಾದರೆ ಅದಕ್ಕಿಂತ ಹಿಂದಿನ ಕೊನೆಯ ಫುಲ್, ಆಮೇಲಿನ ಕೊನೆಯ ಡಿಫರೆನ್ಷಿಯಲ್ (ಫುಲ್ ಆದಮೇಲೆ ಬದಲಾದದ್ದೆಲ್ಲ), ಆಮೇಲಿನ ಎಲ್ಲ ಇನ್‌ಕ್ರಿಮೆಂಟಲ್‌ಗಳು, ಇದೇ ಕ್ರಮದಲ್ಲಿ ಒಂದರ ಮೇಲೊಂದು ಇಳಿಯಬೇಕು. ಉಲ್ಟಾ ಇಳಿಸಿದರೆ ಹಳೆಯ ಫೈಲ್ ಹೊಸದರ ಮೇಲೆ ಕೂರುತ್ತದೆ. ಕೈಯಿಂದ ಹೀಗೆ ಇಳಿಸುವಾಗ ನಡುವೆ ಅಳಿಸಿದ್ದ ಫೈಲ್‌ಗಳೂ ಜೀವ ತಳೆದು ಬರುತ್ತವೆ, ಗಾಬರಿ ಬೇಡ.

ಟ್ಯಾಲಿಯವರಿಗೆ ಇದು ಬಹಳ ಮುಖ್ಯ. ಇಆರ್‌ಪಿ 9 ಕಾಲದ ಡೇಟಾದಲ್ಲಿ ಒಂದು ಕಂಪನಿ ಅಂದರೆ 10003ರಂತಹ ಐದಂಕಿಯ ಒಂದು ಫೋಲ್ಡರ್, ಅದರೊಳಗೆ 900 ಎಂಬ ಬಾಲದ ಹಲವು ಫೈಲ್‌ಗಳು. ಅವೆಲ್ಲ ಒಂದೇ ದಿನದವಾಗಿರಬೇಕು. ಫುಲ್‌ನಿಂದ ನಾಲ್ಕು, ಇನ್‌ಕ್ರಿಮೆಂಟಲ್‌ನಿಂದ ಎರಡು ಅಂತ ಕಲಸಿದರೆ ತೆರೆಯುವುದೇ ಅನುಮಾನ. ಫೋಲ್ಡರ್ ಪೂರ್ತಿ ಇಳಿಸಿ. ಕ್ರಮ ತಪ್ಪಿತು ಅನ್ನಿಸಿದರೆ ಇಳಿಸಿದ್ದನ್ನೆಲ್ಲ ಅಳಿಸಿ ಫುಲ್‌ನಿಂದಲೇ ಮತ್ತೆ ಶುರುಮಾಡಿ.

## ಹಂತ 9: ಬಂದಿದ್ದು ಸರಿಯಿದೆಯಾ?

ಜಾಬ್ ವರದಿಯಲ್ಲಿ ನಿರೀಕ್ಷಿಸಿದ ಫೈಲ್ ಎಷ್ಟು, ಇಳಿದ ಫೈಲ್ ಎಷ್ಟು ಅಂತ ಎರಡು ಸಂಖ್ಯೆ ಇರುತ್ತವೆ. ಹೊಂದದಿದ್ದರೆ ಎಣಿಕೆ ತಾಳೆಯಾಗಿಲ್ಲ ಅಂತ ಎಚ್ಚರಿಕೆ ಬರುತ್ತದೆ, ಓಕೆ ಅನ್ನುವ ಪದ ನೋಡಿ ಅದನ್ನು ದಾಟಿ ಹೋಗಬೇಡಿ. ಕೈಯಿಂದ ಬರೆದ ಬಿಎಸ್‌ಆರ್ ಆದರೆ ಈ ಎಣಿಕೆಯನ್ನು ನೆಚ್ಚಬೇಡಿ, ಬಿಎಲ್‌ಎಸ್ ತೋರಿಸಿದ ಪಟ್ಟಿಯೊಂದಿಗೆ ತಾಳೆ ನೋಡಿ. ಆಮೇಲೆ ಫೋಲ್ಡರ್‌ನ ನಕಲು ಮಾಡಿ, ನಕಲನ್ನು ಮಾತ್ರ ತೆರೆಯಿರಿ. ಸೊನ್ನೆ ಬೈಟ್ ಫೈಲ್‌ಗಳಿದ್ದರೆ ಯಾವುದೋ ವಾಲ್ಯೂಮ್ ಬಿಟ್ಟುಹೋಗಿದೆ ಅಂತ ಮೊದಲು ಅನುಮಾನಿಸಿ.

## ಹಂತ 10: ಶೆಡ್ಯೂಲ್ ವಾಪಸ್ ಹಾಕುವ ಮೊದಲು

ಕಂಪನಿ ಕಾಯ್ದೆ 2013ರ ಸೆಕ್ಷನ್ 128ರ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು. ನಿಮ್ಮ ಫೈಲ್ ರಿಟೆನ್ಷನ್ 60 ದಿನ. ಲೆಕ್ಕದ ಜಾಬ್‌ಗಳಿಗೆ ಬೇರೆ ಪೂಲ್ (ವಾಲ್ಯೂಮ್‌ಗಳ ಗುಂಪು) ಮಾಡಿ, ಫೈಲ್, ಜಾಬ್, ವಾಲ್ಯೂಮ್ ಮೂರೂ ರಿಟೆನ್ಷನ್ ಒಂದೇ ಅವಧಿಗೆ ಇಡಿ. ಡೇಟಾಬೇಸ್ ದೊಡ್ಡದಾಗುತ್ತದೆ, ಆಗಲಿ.

ಇಲ್ಲೊಂದು ಬಲೆ ಇದೆ. ಕಾನ್ಫಿಗ್‌ನಲ್ಲಿ ವಾಲ್ಯೂಮ್ ರಿಟೆನ್ಷನ್ ಬದಲಿಸಿದರೆ ಹೊಸ ವಾಲ್ಯೂಮ್‌ಗಳಿಗೆ ಮಾತ್ರ ಅನ್ವಯ. ಈಗಾಗಲೇ ಇರುವವು ಹಳೆಯ ಅವಧಿಯನ್ನೇ ಹಿಡಿದು ಕೂತಿರುತ್ತವೆ. ಕನ್ಸೋಲ್‌ನ ಅಪ್‌ಡೇಟ್‌ನಲ್ಲಿ ಪೂಲ್‌ನ ಎಲ್ಲ ವಾಲ್ಯೂಮ್‌ಗಳನ್ನೂ ಪೂಲ್‌ಗೆ ಸರಿಹೊಂದಿಸುವ ಆಯ್ಕೆ ಇದೆ, ಅದನ್ನು ಓಡಿಸಿ.

ಬಿಎಸ್‌ಆರ್ ಫೈಲ್ ಮತ್ತು ಕ್ಯಾಟಲಾಗ್ ಡಂಪ್ ಎರಡೂ ಬ್ಯಾಕಪ್ ಸರ್ವರ್‌ನಿಂದ ಹೊರಗೆ ಹೋಗಬೇಕು, ಮೇಲ್‌ಗಾದರೂ ಸರಿ, ಮೇಲಿನ ಮಹಡಿಯ ಯಂತ್ರಕ್ಕಾದರೂ ಸರಿ. ಅದಾದಮೇಲೆ ಶೆಡ್ಯೂಲ್ ಸಾಲುಗಳ ಕಾಮೆಂಟ್ ತೆಗೆಯಿರಿ. 2019-20ರ ವಾಲ್ಯೂಮ್‌ಗಳನ್ನು ಮಾತ್ರ ನಾವು ಇನ್ನೂ ರೀಡ್-ಓನ್ಲಿಯಲ್ಲೇ ಇಟ್ಟಿದ್ದೇವೆ, ನೋಟಿಸಿಗೆ ಕೊಟ್ಟ ಉತ್ತರಕ್ಕೆ ಆ ಕಡೆಯಿಂದ ಇನ್ನೂ ಏನೂ ಬಂದಿಲ್ಲ.